ನೇರಳೆಯಲ್ಲದ ಹಿಪ್ಪುನೇರಳೆ, ಅದರ ಅಣ್ಣ ಹಲಸು, ತಮ್ಮ ಅತ್ತಿ

ಧಾರವಾಡದ ನಮ್ಮ ಮನೆಯ ಹಿತ್ತಲಲ್ಲಿ ಒಂದು ಹಿಪ್ಪುನೇರಳೆ ಗಿಡ ಇದೆ. ಯಾರೂ ನೆಟ್ಟದ್ದಲ್ಲ, ಯಾವುದೋ ಹಕ್ಕಿ ಉದುರಿಸಿ ಹೋದ ಬೀಜದ್ದು. ಈಗ ಮಾಳಿಗೆಯ ಎತ್ತರ ಬೆಳೆದಿದೆ. ಅಷ್ಟು ಬೆಳೆದದ್ದನ್ನು ಮರ ಅನ್ನಬೇಕು ಎಂದು ಬೆಂಗಳೂರಿನ ಗೆಳೆಯರು ತಿದ್ದುತ್ತಾರೆ. ನಮ್ಮ ಕಡೆ ಆಲದ್ದೂ ಗಿಡವೇ, ಬೇವಿನದ್ದೂ ಗಿಡವೇ. ಇಲ್ಲೂ ಹಾಗೆಯೇ ಬರೆಯುತ್ತೇನೆ. ಬೇಸಿಗೆ ರಜೆಗೆ ಬಂದಿದ್ದ ತಂಗಿಯ ಮಗಳು ಒಂದು ಮಧ್ಯಾಹ್ನ ನಾಲಿಗೆ, ತುಟಿ, ಅಂಗಿ ಎಲ್ಲವನ್ನೂ ಕಪ್ಪುಕೆಂಪು ಮಾಡಿಕೊಂಡು ಬಂದು ಕೇಳಿದಳು: “ಮಾಮಾ, ಇದು ನೇರಳ ಹಣ್ಣಿನ ತಮ್ಮ ಏನು?”

ಅಲ್ಲ. ಹೆಸರಿನಲ್ಲಿ ನೇರಳೆ ಇದ್ದರೂ ರಕ್ತಸಂಬಂಧ ಇಲ್ಲ. ನೇರಳೆ ಹಣ್ಣಿನ ಬಳಗ ಅಂದರೆ ಪೇರಲ, ಲವಂಗ, ನೀಲಗಿರಿ. ಹಿಪ್ಪುನೇರಳೆಗೆ ಬಣ್ಣ ನೋಡಿ ಯಾರೋ ಆ ಹೆಸರು ಅಂಟಿಸಿದ್ದಾರೆ, ಅಷ್ಟೆ. ಕೆಲವೆಡೆ ಇದನ್ನೇ ಕಂಬಳಿ ಗಿಡ ಅನ್ನುತ್ತಾರೆ, ನೆರೆಯ ಮರಾಠಿಯಲ್ಲಿ ತುತಿ. ಇದರ ಖರೇ ಅಣ್ಣತಮ್ಮಂದಿರು ಹಲಸು, ಅತ್ತಿ, ಆಲ, ಅರಳಿ, ಬಸರಿ, ಅಂಜೂರ.

“ಹಲಸಿನ ಹಣ್ಣ ಇದರ ಅಣ್ಣಾ? ಸುಳ್ಳ ಹೇಳಬ್ಯಾಡ ಮಾಮಾ” ಅಂದಳು. ನಂಬದಿದ್ದದ್ದರಲ್ಲಿ ತಪ್ಪಿಲ್ಲ. ಒಂದು ಬೆರಳ ತುದಿಯಷ್ಟು, ಇನ್ನೊಂದು ಮೂವತ್ತು ಕಿಲೋ ದಾಟಿ ತೂಗಬಲ್ಲದು. ಗಿಡದ ಮೇಲೆ ಬಿಡುವ ಹಣ್ಣುಗಳಲ್ಲೆಲ್ಲ ಅದೇ ದೊಡ್ಡದು. ಸಸ್ಯಶಾಸ್ತ್ರದವರು ಈ ಇಡೀ ಮನೆತನಕ್ಕೆ ಮೊರೇಸಿ ಅನ್ನುತ್ತಾರೆ. ಲೋಕದಲ್ಲಿ ಸುಮಾರು 1100 ಜಾತಿಗಳಿವೆ. ಅವುಗಳಲ್ಲಿ 750ಕ್ಕೂ ಹೆಚ್ಚು ಬರೀ ಅತ್ತಿ-ಆಲದ ಪಂಗಡದವು. ಅಂದರೆ ಮನೆತನದ ಹೆಸರು ಹಿಪ್ಪುನೇರಳೆಯದು (ಲ್ಯಾಟಿನ್ನಿನಲ್ಲಿ ಅದು ಮೋರಸ್), ಮನೆ ತುಂಬ ಇರುವವರು ಅತ್ತಿಯ ಮಕ್ಕಳು.

ಸಂಬಂಧ ಗುರುತಿಸಲು ಮೊದಲ ಸುಳಿವು ಹಾಲು. ಅರಳಿಯ ಎಲೆ ಕಿತ್ತು ನೋಡಿ, ತೊಟ್ಟಿನಲ್ಲಿ ಬಿಳಿ ಹಾಲು ಬರುತ್ತದೆ. ಆಲ, ಅತ್ತಿ, ಹಿಪ್ಪುನೇರಳೆಯಲ್ಲೂ ಬರುತ್ತದೆ. ಹಲಸಿನದಂತೂ ಹೇಳುವುದೇ ಬೇಡ, ಕೈಗೆ ಎಣ್ಣೆ ಸವರಿಕೊಳ್ಳದೆ ಬಿಡಿಸಿದವರು ಎರಡನೇ ಸಲ ಹಾಗೆ ಮಾಡುವುದಿಲ್ಲ. ಆ ಅಂಟು ರಬ್ಬರಿನ ಜಾತಿಯದು, ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಬಗ್ಗುತ್ತದೆ. ಆದರೆ ಹಾಲೊಂದನ್ನೇ ನಂಬಿ ನೆಂಟಸ್ತನ ಕಟ್ಟಬೇಡಿ. ಎಕ್ಕೆ, ಪಪ್ಪಾಯಿ, ಚಿಕ್ಕು ಇವೆಲ್ಲಕ್ಕೂ ಹಾಲಿದೆ, ಯಾವುದೂ ಈ ಮನೆತನದ್ದಲ್ಲ. ಹಾಲಿದ್ದವರೆಲ್ಲ ಬೀಗರಲ್ಲ.

ಎರಡನೆಯ ಸುಳಿವು ಚಿಗುರಿನ ತುದಿಯಲ್ಲಿದೆ. ಅರಳಿ, ಆಲ, ಹಲಸಿನ ಎಳೆ ಎಲೆಗೆ ಒಂದು ಚೂಪು ಟೊಪ್ಪಿಗೆ ಇರುತ್ತದೆ. ಎಲೆ ಬಿಚ್ಚಿದಾಗ ಟೊಪ್ಪಿಗೆ ಉದುರಿ, ಕೊಂಬೆಯ ಸುತ್ತ ಬಳೆಯಂಥ ಗುರುತು ಉಳಿಯುತ್ತದೆ. ಹಿಪ್ಪುನೇರಳೆಯಲ್ಲಿ ಅದು ಎರಡು ಸಣ್ಣ ಸಿಪ್ಪೆಗಳಷ್ಟೇ, ಬೇಗ ಉದುರುತ್ತವೆ.

ಗಟ್ಟಿ ಪುರಾವೆ ಸಿಗುವುದು ಹೂವಿನಲ್ಲಿ. ಇಲ್ಲಿಯೇ ಈ ಮನೆತನದ ಗುಟ್ಟೂ ಇರುವುದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಹಿಪ್ಪುನೇರಳೆ ಹಣ್ಣನ್ನು ಅಂಗೈ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿ. ಮಣಿ ಮಣಿಯಾಗಿ ಕಾಣುತ್ತದೆ. ಪ್ರತಿ ಮಣಿಯ ತುದಿಗೆ ಒಣಗಿದ ಕೂದಲಿನಂಥ ಎಳೆ ಇದೆ. ಒಂದೊಂದು ಮಣಿಯೂ ಒಂದೊಂದು ಹೂವಾಗಿತ್ತು, ಆ ಎಳೆ ಅದು ಪರಾಗ ಹಿಡಿಯಲು ಚಾಚಿದ್ದ ನಾಲಿಗೆ. ಹೂವಿನ ನಾಲ್ಕು ಎಸಳುಗಳೇ ಉಬ್ಬಿ, ರಸ ತುಂಬಿಕೊಂಡು, ಒಳಗಿನ ಸಣ್ಣ ಬೀಜವನ್ನು ಅಪ್ಪಿಕೊಂಡಿವೆ. ಅಂದರೆ ನಾವು ಒಂದು ಹಣ್ಣು ಅಂದುಕೊಂಡು ಬಾಯಿಗೆ ಹಾಕಿಕೊಳ್ಳುವುದು ಒಂದು ಓಣಿಯನ್ನು. ನಡುವೆ ದಂಟಿನ ರಸ್ತೆ, ಸುತ್ತ ಒತ್ತೊತ್ತಾಗಿ ಮನೆಗಳು, ಗೋಡೆಗೆ ಗೋಡೆ ತಾಗಿ. ಹುಬ್ಬಳ್ಳಿಯ ಹಳೆಯ ಓಣಿಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಲಸಿನಲ್ಲಿ ಆ ಓಣಿ ಊರಾಗಿದೆ. ಹೊರಗಿನ ಒಂದೊಂದು ಮುಳ್ಳೂ ಒಂದೊಂದು ಹೂವಿನ ತುದಿ. ನಾವು ತಿನ್ನುವ ತೊಳೆ ಆ ಹೂವಿನ ಎಸಳುಗಳು ಸೇರಿ ದಪ್ಪಗಾದದ್ದು. ತೊಳೆಗಳ ನಡುವೆ ಸಿಗುವ, ನಾವು ಬೇಜಾರಿನಿಂದ ಕಿತ್ತೆಸೆಯುವ ಬಿಳಿ ನಾರುಗಳಿವೆಯಲ್ಲ, ಅವು ಪರಾಗ ಸಿಗದೆ ಉಳಿದ ಹೂಗಳು. ಒಂದು ಹಣ್ಣಿನಲ್ಲಿ ತೊಳೆ ಕಡಿಮೆ, ನಾರು ಹೆಚ್ಚು ಇದ್ದರೆ ಆ ಊರಿನಲ್ಲಿ ಮದುವೆಯಾಗದ ಹೂಗಳು ಹೆಚ್ಚಿದ್ದವು ಎಂದು ಅರ್ಥ. ನಡುವಿನ ದಿಂಡು ಹಿಪ್ಪುನೇರಳೆಯ ದಂಟಿಗೆ ಸಮ. ಇಷ್ಟು ಹೇಳಿದ ಮೇಲೆ ಸೋದರ ಸೊಸೆ ಒಂದು ಹಿಪ್ಪುನೇರಳೆ ಹಣ್ಣನ್ನು ಹಲಸಿನಂತೆ ಅಡ್ಡ ಹಿಡಿದು ನೋಡಿ ಸುಮ್ಮನಾದಳು.

ಇನ್ನು ಅತ್ತಿ. ಅತ್ತಿಯ ಹೂ ಕಂಡವರಿಲ್ಲ ಎಂಬ ಮಾತು ಹಳ್ಳಿಗಳಲ್ಲಿ ಇದೆ. ಕಾಣುವುದು ಹೇಗೆ? ಓಣಿಯನ್ನೇ ಒಳಮುಖವಾಗಿ ಮಡಚಿ ಹೊಲಿದುಬಿಟ್ಟರೆ ಏನಾಗುತ್ತದೋ ಅತ್ತಿಯಲ್ಲಿ ಅದೇ ಆಗಿದೆ. ನಮ್ಮ ಕಡೆಯ ದೇಸಾಯರ ವಾಡೆಗಳನ್ನು ನೆನೆಸಿಕೊಳ್ಳಿ: ಹೊರಗಿನಿಂದ ನೋಡಿದರೆ ಬರೀ ಗೋಡೆ, ಒಂದೇ ಬಾಗಿಲು, ಕೋಣೆಗಳೆಲ್ಲ ಒಳಗಿನ ಅಂಗಳಕ್ಕೆ ಮುಖ ಮಾಡಿರುತ್ತವೆ. ಅತ್ತಿ, ಆಲ, ಅರಳಿ, ಅಂಜೂರದ ಹಣ್ಣುಗಳೆಲ್ಲ ಇಂಥ ವಾಡೆಗಳು. ನೂರಾರು, ಕೆಲವದರಲ್ಲಿ ಸಾವಿರಾರು ಪುಟ್ಟ ಹೂಗಳು ಒಳಗೋಡೆಗೆ ಅಂಟಿಕೊಂಡು ಅರಳುತ್ತವೆ. ಬಾಗಿಲು ಅಂದರೆ ಹಣ್ಣಿನ ತುದಿಯಲ್ಲಿರುವ ಸೂಜಿಮೊನೆಯಷ್ಟು ತೂತು.

ಆ ಬಾಗಿಲಿನಿಂದ ಒಳಗೆ ಬರುವ ಒಬ್ಬಳೇ ಅತಿಥಿ ಒಂದು ಕಣಜ. ಕಣಜ ಅಂದ ಕೂಡಲೇ ಗೋಡೆಗೆ ಗೂಡು ಕಟ್ಟಿ ಕಚ್ಚುವ ಜಾತಿ ಕಣ್ಣ ಮುಂದೆ ಬರಬೇಡ. ಇದು ಸಾಸಿವೆ ಕಾಳಿನಷ್ಟು, ಒಂದೆರಡು ಮಿಲಿಮೀಟರ್. ಹೆಣ್ಣು ಕಣಜ ಎಳೆಗಾಯಿಯ ವಾಸನೆ ಹಿಡಿದು ಬಂದು ಆ ತೂತಿನಲ್ಲಿ ನುಸುಳುತ್ತದೆ. ದಾರಿ ಎಷ್ಟು ಇಕ್ಕಟ್ಟು ಅಂದರೆ ರೆಕ್ಕೆ ಕಿತ್ತುಹೋಗುತ್ತವೆ. ಅದಕ್ಕೆ ಹೊರಗೆ ಬರುವ ದಾರಿ ಇನ್ನಿಲ್ಲ. ತಾನು ಹುಟ್ಟಿದ ಇನ್ನೊಂದು ಗಿಡದ ಹಣ್ಣಿನಿಂದ ತಂದ ಪರಾಗವನ್ನು ಹೂಗಳಿಗೆ ಹಚ್ಚುತ್ತದೆ, ಕೆಲವು ಹೂಗಳಲ್ಲಿ ಮೊಟ್ಟೆ ಇಡುತ್ತದೆ, ಅಲ್ಲೇ ಸಾಯುತ್ತದೆ. ಗಿಡ್ಡ ನಳಿಕೆಯ ಹೂಗಳಿಗೆ ಅದರ ಮೊಟ್ಟೆ ಇಡುವ ಸೂಜಿ ಎಟುಕುತ್ತದೆ, ಅಲ್ಲಿ ಮರಿ ಬೆಳೆಯುತ್ತದೆ. ಉದ್ದ ನಳಿಕೆಯವಕ್ಕೆ ಎಟುಕುವುದಿಲ್ಲ, ಅಲ್ಲಿ ಬೀಜ ಕಟ್ಟುತ್ತದೆ. ಹೀಗೆ ಒಂದೇ ವಾಡೆಯಲ್ಲಿ ಗಿಡದ ಮಕ್ಕಳೂ ಕಣಜದ ಮಕ್ಕಳೂ ಪಾಲು ಹಂಚಿಕೊಂಡು ಬೆಳೆಯುತ್ತಾರೆ. ಮೊದಲು ಹೊರಬರುವವು ರೆಕ್ಕೆಯಿಲ್ಲದ ಗಂಡುಗಳು. ಹೆಣ್ಣುಗಳು ತಮ್ಮ ಕೋಣೆಗಳಲ್ಲಿ ಇರುವಾಗಲೇ ಕೂಡಿ, ನಂತರ ಗೋಡೆಯಲ್ಲಿ ಸುರಂಗ ಕೊರೆದು ಸಾಯುತ್ತವೆ. ಅವುಗಳ ಬದುಕು ಅಷ್ಟೇ. ಹೆಣ್ಣುಗಳು ಆ ವೇಳೆಗೆ ಅರಳಿದ ಗಂಡುಹೂಗಳ ಪರಾಗ ಹೊತ್ತು ಸುರಂಗದಿಂದ ಹಾರಿಹೋಗುತ್ತವೆ. ಇನ್ನೊಂದು ವಾಡೆ ಹುಡುಕಲು ಅವಕ್ಕೆ ಒಂದೆರಡು ದಿನದ ಆಯುಷ್ಯ ಇರುತ್ತದೆ.

ಅತ್ತಿಗೆ ಒಂದು ಜಾತಿಯ ಕಣಜ, ಆಲಕ್ಕೆ ಇನ್ನೊಂದು, ಅರಳಿಗೆ ಮತ್ತೊಂದು. ಸಾಮಾನ್ಯವಾಗಿ ಒಬ್ಬರ ಮನೆಗೆ ಇನ್ನೊಬ್ಬರು ಹೋಗುವುದಿಲ್ಲ. ಕಣಜಕ್ಕೆ ಹಣ್ಣು ಸದಾ ಬೇಕಾದ್ದರಿಂದ ಈ ಗಿಡಗಳು ಎಲ್ಲವೂ ಒಂದೇ ಕಾಲಕ್ಕೆ ಹಣ್ಣು ಬಿಡುವುದಿಲ್ಲ. ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಸುತ್ತಿನ ಯಾವುದೋ ಆಲವೋ ಬಸರಿಯೋ ಕಾಯಿ ಹಿಡಿದಿರುತ್ತದೆ. ಬೇರೆ ಹಣ್ಣೇ ಇಲ್ಲದ ದಿನಗಳಲ್ಲೂ ಕುಟ್ರುಹಕ್ಕಿ, ಕೋಗಿಲೆ, ಬಾವಲಿಗಳಿಗೆ ಊಟ ಸಿಗುವುದು ಈ ಸಣ್ಣ ಕಣಜದ ದೆಸೆಯಿಂದ.

“ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ” ಎಂಬ ಗಾದೆಯಂಥ ಮಾತನ್ನು ಡಾಂಭಿಕರ ಬಗ್ಗೆ ಬಳಸುತ್ತೇವೆ. ಅತ್ತಿಯ ಮಟ್ಟಿಗೆ ಅದು ಅನ್ಯಾಯ. ಹುಳ ಇಲ್ಲದಿದ್ದರೆ ಬೀಜವೇ ಇಲ್ಲ. ಆದರೆ ಒಳಗೆ ಜೀವ ಇದೆ ಎಂಬುದನ್ನು ಸೂಕ್ಷ್ಮದರ್ಶಕ ಬರುವ ಎಷ್ಟೋ ಮೊದಲೇ ಗಮನಿಸಿದವರು ಜೈನರು. ಶ್ರಾವಕರು, ಅಂದರೆ ಸಂಸಾರಸ್ಥ ಜೈನರು, ಮದ್ಯ, ಮಾಂಸ, ಜೇನಿನ ಜೊತೆಗೆ ಐದು ಉದುಂಬರ ಫಲಗಳನ್ನು ಬಿಡಬೇಕು ಎನ್ನುತ್ತದೆ ಅವರ ಆಚಾರ. ಆಲ, ಅರಳಿ, ಅತ್ತಿ, ಬಸರಿ ನಾಲ್ಕು. ಐದನೆಯದು ಅಂಜೂರ ಎಂದು ಕೆಲವರು, ಕಾಡತ್ತಿ ಎಂದು ಕೆಲವರು. ಐದೂ ಒಂದೇ ಪಂಗಡದವು, ಐದೂ ವಾಡೆಗಳು. ಗದಗಿನ ಹತ್ತಿರದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯದ ಮುಂದೆ ನಿಂತಾಗಲೆಲ್ಲ ನನಗೆ ಈ ಪಟ್ಟಿ ನೆನಪಾಗುತ್ತದೆ. ಎಲೆ ಬೇರೆ, ಗಾತ್ರ ಬೇರೆ, ಬೆಳೆಯುವ ಜಾಗ ಬೇರೆ ಇದ್ದರೂ ಇವನ್ನು ಒಂದು ಗುಂಪು ಮಾಡಿದವರು ಹಣ್ಣನ್ನು ಬಿಚ್ಚಿ ನೋಡಿದವರೇ ಇರಬೇಕು.

ಹಾಗಾದರೆ ಅಂಗಡಿಯ ಅಂಜೂರ ತಿಂದರೆ ಕಣಜ ತಿಂದಂತೆಯೇ? ಈ ಪ್ರಶ್ನೆ ಈಗ ಮೊಬೈಲಿನಲ್ಲಿ ಬಹಳ ಓಡಾಡುತ್ತಿದೆ. ಪುಣೆ ಕಡೆಯಿಂದ ಬರುವ ತಾಜಾ ಅಂಜೂರದಂಥ ತಳಿಗಳು ಪರಾಗವೇ ಇಲ್ಲದೆ ಹಣ್ಣಾಗುತ್ತವೆ, ಅವಕ್ಕೆ ಕಣಜ ಬೇಕಿಲ್ಲ. ಟರ್ಕಿಯ ಸ್ಮಿರ್ನಾದಂಥ ತಳಿಗಳ ಒಣ ಅಂಜೂರಕ್ಕೆ ಕಣಜ ಬೇಕು. ಒಳಗೆ ಸತ್ತದ್ದನ್ನು ಹಣ್ಣಿನಲ್ಲಿರುವ ಫಿಸಿನ್ ಎಂಬ ಕಿಣ್ವ ಬಹುಮಟ್ಟಿಗೆ ಕರಗಿಸುತ್ತದೆ. ಬಾಯಿಗೆ ಕರುಕ್ ಅನ್ನುವುದು ಬೀಜ, ಹುಳ ಅಲ್ಲ. ತಿನ್ನುವುದು ಬಿಡುವುದು ಅವರವರ ಮನಸ್ಸಿಗೆ ಬಿಟ್ಟದ್ದು.

ಹಿಪ್ಪುನೇರಳೆಗೆ ಇಂಥ ಅತಿಥಿ ಸತ್ಕಾರದ ರಗಳೆ ಇಲ್ಲ, ಅದು ಗಾಳಿಯನ್ನು ನಂಬಿದ್ದು. ಆದರೆ ಸುಮ್ಮನೆ ಉದುರಿಸುವುದೂ ಇಲ್ಲ. ಅದರ ಗಂಡುಹೂವಿನ ಕೇಸರ ಬಿಗಿದ ಬಿಲ್ಲಿನಂತೆ ಬಾಗಿ ಕೂತಿರುತ್ತದೆ. ಒಣಗಿದಾಗ ಸಿಡಿದು ಪರಾಗವನ್ನು ಎಸೆಯುತ್ತದೆ. ಅಮೆರಿಕದಲ್ಲಿ 2006ರಲ್ಲಿ ವೇಗದ ಕ್ಯಾಮೆರಾ ಇಟ್ಟು ಅಳೆದಾಗ ಆ ಸಿಡಿತಕ್ಕೆ ಹಿಡಿದದ್ದು ಒಂದು ಸೆಕೆಂಡಿನ 40,000ದಲ್ಲಿ ಒಂದು ಪಾಲು, ವೇಗ ಶಬ್ದದ ಅರ್ಧಕ್ಕಿಂತ ಹೆಚ್ಚು. ಸಸ್ಯಲೋಕದಲ್ಲಿ ಅಷ್ಟು ಚುರುಕಿನ ಚಲನೆ ಅದುವರೆಗೆ ಯಾರೂ ಅಳೆದಿರಲಿಲ್ಲ. ಹಿತ್ತಲಲ್ಲಿ ಸುಮ್ಮನೆ ನಿಂತ ಗಿಡ ಹೀಗೆ ಬಂದೂಕು ಹಾರಿಸುತ್ತದೆ ಎಂದು ತಿಳಿದ ಮೇಲೆ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂಡುವಾಗ ನನಗೆ ಒಂದು ಥರದ ಗೌರವ.

ಹಿಪ್ಪುನೇರಳೆಯ ಹುಳದ ಕತೆ ಬೇರೆ ರೀತಿಯದು. ರೇಷ್ಮೆ ಹುಳಕ್ಕೆ ಶಾಸ್ತ್ರೀಯ ಹೆಸರು ಬಾಂಬಿಕ್ಸ್ ಮೋರಿ. ಮೋರಿ ಅಂದರೆ ಹಿಪ್ಪುನೇರಳೆಯದು. ರಾಣೆಬೆನ್ನೂರಿನ ಆಚೆ, ಕೆಂಪು ಮಣ್ಣಿನ ಎರಡು ಎಕರೆಯಲ್ಲಿ ವಿ-1 ಎಂಬ ಹಿಪ್ಪುನೇರಳೆ ತಳಿ ಹಾಕಿಕೊಂಡ ಪರಿಚಯದ ರೈತರೊಬ್ಬರಿದ್ದಾರೆ. ಅವರ ಹುಳುಮನೆಯೊಳಗೆ ಚಪ್ಪಲಿ ಹೊರಗೆ ಬಿಟ್ಟು, ಸುಣ್ಣ-ಬ್ಲೀಚಿಂಗ್ ಪುಡಿ ತುಳಿದು ಹೋಗಬೇಕು. ಅಲ್ಲಿಯ ಮಾತು ಹೊರಗಿನವರಿಗೆ ಗೊಂದಲ ಹುಟ್ಟಿಸುತ್ತದೆ. “ಈ ಸಲ ನೂರು ಮೊಟ್ಟಿ ಹಿಡದೇನ್ರಿ” ಅಂದರೆ ನೂರು ಹುಳ ಅಲ್ಲ. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳೆಲ್ಲ ಸೇರಿ ಲೆಕ್ಕದಲ್ಲಿ ಒಂದು. ಹಾಗಾಗಿ ನೂರು ಅಂದರೆ ನಲವತ್ತು ಐವತ್ತು ಸಾವಿರ ಹುಳ. ಮರಿಹುಳಕ್ಕೆ ಚಾಕಿ, ಪೊರೆ ಬಿಡಲು ಮೇವು ನಿಲ್ಲಿಸಿ ತಲೆ ಎತ್ತಿ ಕೂಡುವುದಕ್ಕೆ ಜ್ವರ. ನಾಲ್ಕು ಜ್ವರ ದಾಟಿ, ಸುಮಾರು 25 ದಿನಗಳಲ್ಲಿ ಹುಟ್ಟಿದಾಗಿನ ತೂಕದ ಹತ್ತು ಸಾವಿರ ಪಟ್ಟು ಆಗುತ್ತದೆ. “ನಾಕನೇ ಜ್ವರ ಎದ್ದಮ್ಯಾಲ ಹುಳಕ್ಕ ಹೊಟ್ಟಿ ತುಂಬೂದಽ ಇಲ್ರಿ, ರಾತ್ರಿ ಹನ್ನೊಂದಕ್ಕೂ ಸೊಪ್ಪ ಹಾಕಬೇಕು” ಎಂದರು ಅವರು. ಹುಳ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಐದರಲ್ಲಿ ನಾಲ್ಕು ಪಾಲು ಈ ಕೊನೆಯ ಘಟ್ಟದಲ್ಲೇ ಖರ್ಚಾಗುತ್ತದೆ. ಆಮೇಲೆ ಚಂದ್ರಿಕೆ ಎಂಬ ಬಿದಿರಿನ ತಟ್ಟಿ ಹತ್ತಿ ಗೂಡು ಕಟ್ಟುತ್ತದೆ. ಒಳ್ಳೆಯ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ಜಾತಿ) ಗೂಡು ಬಿಚ್ಚಿದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಎಳೆ.

ಅಷ್ಟು ಹಸಿವಿದ್ದೂ ಅದು ಹಿಪ್ಪುನೇರಳೆ ಬಿಟ್ಟು ಬೇರೆ ಸೊಪ್ಪು ತಿಂದು ಬದುಕುವುದಿಲ್ಲ. ಇನ್ನೊಂದು ಪ್ರಶ್ನೆ ನಾನು ಬಹಳ ದಿನ ಕೇಳಿಕೊಂಡಿರಲಿಲ್ಲ: ಇಷ್ಟು ಮೆತ್ತಗಿನ, ಪುಷ್ಟಿಯ ಸೊಪ್ಪನ್ನು ಊರಿನ ಉಳಿದ ಬಹುತೇಕ ಹುಳಗಳು ಯಾಕೆ ಬಿಟ್ಟಿವೆ? ಉತ್ತರ ಮತ್ತೆ ಆ ಹಾಲಿನಲ್ಲಿ. ಜಪಾನಿನ ಸಂಶೋಧಕರು 2006ರಲ್ಲಿ ತೋರಿಸಿದ್ದು ಹೀಗೆ: ಹಿಪ್ಪುನೇರಳೆಯ ಹಾಲಿನಲ್ಲಿ ಸಕ್ಕರೆಯಂತೆ ವೇಷ ಹಾಕಿದ ರಾಸಾಯನಿಕಗಳಿವೆ. ಸಕ್ಕರೆ ಎಂದು ನಂಬಿ ಹುಳದ ಹೊಟ್ಟೆಯ ಕಿಣ್ವಗಳು ಅವನ್ನು ಹಿಡಿಯುತ್ತವೆ, ಹಿಡಿದು ಸಿಕ್ಕಿಬೀಳುತ್ತವೆ. ನಿಜವಾದ ಸಕ್ಕರೆ ಅರಗುವುದಿಲ್ಲ. ಔಡಲ ಸೊಪ್ಪು ತಿನ್ನುವ ಎರಿ ರೇಷ್ಮೆ ಹುಳಕ್ಕೆ ಈ ಸೊಪ್ಪು ಕೊಟ್ಟರೆ ಸತ್ತಿತು. ಅದೇ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಹಾಲು ಹೋಗುವಂತೆ ತೊಳೆದು ಕೊಟ್ಟರೆ ಬೆಳೆಯಿತು. ಹಿಪ್ಪುನೇರಳೆಯ ಹುಳದ ಹೊಟ್ಟೆ ಮಾತ್ರ ಈ ಮೋಸಕ್ಕೆ ಬೀಳದಂತೆ ಬದಲಾಗಿದೆ. ಊರಿನ ಬಹುತೇಕರು ಬಿಟ್ಟ ಮನೆಗೆ ಅದು ಕೀಲಿ ಹಿಡಿದು ಹೊಕ್ಕಿದೆ.

ಇದೇ ರಾಸಾಯನಿಕ ಮನುಷ್ಯರಲ್ಲೂ ಪಿಷ್ಟ ಅರಗುವುದನ್ನು ನಿಧಾನ ಮಾಡುತ್ತದೆ. ಹಿಪ್ಪುನೇರಳೆ ಎಲೆಯ ಚಹಾ ಸಕ್ಕರೆ ಕಾಯಿಲೆಗೆ ಮಾರಾಟಕ್ಕೆ ಬಂದಿರುವುದರ ಹಿಂದಿನ ಕಾರಣ ಅದು. ಕುಡಿಯುವವರು ಕುಡಿಯಲಿ, ಡಾಕ್ಟರು ಕೊಟ್ಟ ಗುಳಿಗೆ ನಿಲ್ಲಿಸುವ ಹುಚ್ಚು ಮಾತ್ರ ಬೇಡ.

ಎಲ್ಲ ಹುಳದ ಕಾಟದಿಂದ ಪಾರಾದ ಬೆಳೆ ಎಂದೂ ತಿಳಿಯಬೇಡಿ. ನುಸಿ, ಹಿಟ್ಟು ತಿಗಣೆಗಳು ರಸ ಹೀರುತ್ತವೆ. ರೈತನಿಗೆ ಅದಕ್ಕಿಂತ ದೊಡ್ಡ ಭಯ ಪಕ್ಕದ ಹೊಲದ್ದು. ಹಾವೇರಿ ಕಡೆ ಮೆಣಸಿನಕಾಯಿಗೆ ಎಣ್ಣೆ ಹೊಡೆಯುವ ದಿನ ಗಾಳಿ ಈ ಕಡೆ ತಿರುಗಿದರೆ ಸೊಪ್ಪಿನ ಮೇಲೆ ಕೂತ ವಿಷ ಹುಳುಮನೆಗೆ ಬರುತ್ತದೆ, ಮರುದಿನ ಸತ್ತ ಹುಳಗಳನ್ನು ಚಾಪೆಯಿಂದ ಗುಡಿಸುವ ಕೆಲಸ.

ಬಳಗದ ಉಳಿದವರನ್ನು ಬೇಗ ನೋಡಿಬಿಡೋಣ. ಕಾಗದದ ಹಿಪ್ಪುನೇರಳೆ ಎಂಬ ತಮ್ಮನೊಬ್ಬನಿದ್ದಾನೆ. ಚೀನಾದಲ್ಲಿ ಅದರ ತೊಗಟೆಯ ನಾರಿನಿಂದ ಕಾಗದ ಮಾಡಿದರು, ಪೆಸಿಫಿಕ್ ದ್ವೀಪಗಳಲ್ಲಿ ಅದೇ ನಾರನ್ನು ಬಡಿದು ಬಟ್ಟೆ ಮಾಡಿದರು. ಇಸ್ಲಾಮಾಬಾದಿನಲ್ಲಿ ಅಂದಕ್ಕೆ ನೆಟ್ಟ ಅದೇ ಗಿಡ ಇಂದು ವಸಂತ ಬಂದರೆ ಊರಿಗೆ ಊರೇ ಸೀನುವಂತೆ ಮಾಡುತ್ತದೆ. ಪರಾಗ ಸಿಡಿಸುವ ಚಾಳಿ ಮನೆತನದ್ದು. ಪಶ್ಚಿಮ ಘಟ್ಟದ ಅಜ್ಜನಪಟ್ಟೆಯೂ ಈ ಬಳಗದ್ದೇ. ಅದರ ಹಾಲನ್ನು ಜಾವಾ ಕಡೆ ಬಾಣಕ್ಕೆ ವಿಷವಾಗಿ ಹಚ್ಚುತ್ತಿದ್ದರು, ತೊಗಟೆಯನ್ನು ನಮ್ಮ ಘಟ್ಟದಲ್ಲಿ ಇಡಿಯಾಗಿ ಸುಲಿದು ಚೀಲ ಮಾಡುತ್ತಿದ್ದರು. ಮಿಟ್ಲಿ ಗಿಡದ ಎಲೆ ಉಸುಕಿನ ಕಾಗದದಷ್ಟು ಒರಟು. ಹಲಸಿನ ಕಟ್ಟಿಗೆಯಿಂದ ದಕ್ಷಿಣದ ವೀಣೆ, ಮೃದಂಗ ಆಗುತ್ತವೆ. ಧಾರವಾಡದ ನಮ್ಮ ತಂಬೂರಿಗೆ ಸೋರೆಬುರುಡೆಯೇ ಆಧಾರವಾದ್ದರಿಂದ ಆ ಹೆಮ್ಮೆ ನಮಗಿಲ್ಲ. ಬದಲಿಗೆ ಹಿಪ್ಪುನೇರಳೆ ಕಟ್ಟಿಗೆ ಹಾಕಿ ಸ್ಟಿಕ್ಕಿಗೆ ಹೋಗುತ್ತಿತ್ತು. ಗದಗ-ಬೆಟಗೇರಿಯಲ್ಲಿ ಹಾಕಿ ಹುಚ್ಚಿದ್ದ ಹಿರಿಯರು ಗೊತ್ತಿಲ್ಲದೆ ಇದೇ ಗಿಡವನ್ನು ಕೈಯಲ್ಲಿ ಹಿಡಿದು ಓಡಿದ್ದಾರೆ. ಭಂಗಿ ಗಿಡವನ್ನೂ ಒಂದು ಕಾಲಕ್ಕೆ ಇದೇ ಮನೆತನಕ್ಕೆ ಸೇರಿಸಿದ್ದರು, ಆಮೇಲೆ ಬೇರೆ ಮನೆ ಮಾಡಿಕೊಟ್ಟರು, ಈಗಲೂ ದಾಯಾದಿಯೇ.

ಹಿಪ್ಪುನೇರಳೆಗೆ ಕಡ್ಡಿ ನೆಟ್ಟರೆ ಸಾಕು, ಬೇರು ಬರುತ್ತದೆ. ಕಪ್ಪು ಮಣ್ಣಿನಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ. ವರ್ಷಕ್ಕೊಮ್ಮೆ ಕತ್ತರಿಸದಿದ್ದರೆ ಹಣ್ಣು ಹಕ್ಕಿಗಳ ಪಾಲು. ಒಂದೇ ಗಿಡದಲ್ಲಿ ಒಂದು ಎಲೆ ಹೃದಯದಂತೆ, ಇನ್ನೊಂದು ಸೀಳಿದ ಹಾಗೆ ಕಂಡರೆ ರೋಗ ಎಂದು ಗಾಬರಿಯಾಗಬೇಡಿ, ಅದರ ಸ್ವಭಾವವೇ ಹಾಗೆ.

ಆಲ, ಅರಳಿಗೆ ನೆಡುವವರೂ ಬೇಕಿಲ್ಲ. ಹಕ್ಕಿಯ ಹೊಟ್ಟೆಯಿಂದ ಬಿದ್ದ ಬೀಜ ಇನ್ನೊಂದು ಗಿಡದ ಕವಲಲ್ಲೋ, ಗುಡಿಯ ಗೋಡೆಯ ಬಿರುಕಲ್ಲೋ ಮೊಳೆಯುತ್ತದೆ. ಗಿಡದ ಮೇಲೆ ಹುಟ್ಟಿದರೆ ಬೇರುಗಳನ್ನು ಇಳಿಬಿಟ್ಟು ಆಸರೆ ಕೊಟ್ಟವನನ್ನೇ ಮೆಲ್ಲಗೆ ಹಿಸುಕುತ್ತದೆ. ಗೋಡೆಯಲ್ಲಿ ಹುಟ್ಟಿದರೆ ಕಲ್ಲು ಸರಿಸುತ್ತದೆ. ದೇವರ ಗಿಡ ಎಂದು ಕೀಳಲು ಅಂಜುವುದರಲ್ಲಿ ಎಷ್ಟೋ ಹಳೆಯ ಗೋಡೆಗಳು ಬಾಯಿಬಿಟ್ಟಿವೆ. ಗೇಣುದ್ದ ಇದ್ದಾಗಲೇ ಬೇರುಸಹಿತ ತೆಗೆದು ಬಯಲಲ್ಲಿ ನೆಟ್ಟರೆ ದೇವರಿಗೂ ಬೇಸರವಿಲ್ಲ, ಗುಡಿಗೂ ಕೇಡಿಲ್ಲ ಎಂಬುದು ನನ್ನ ಲೆಕ್ಕ. ಬಯಲಲ್ಲಿ ಬೆಳೆದವು ಕಟ್ಟೆ ಕಟ್ಟಿಸಿಕೊಂಡು ಊರುಗಳಿಗೇ ಹೆಸರು ಕೊಟ್ಟಿವೆ. ಹುಬ್ಬಳ್ಳಿ ಕಡೆ ಅರಳಿಕಟ್ಟಿ, ಹಾವೇರಿ ಕಡೆ ಆಲದಕಟ್ಟಿ, ಗದಗ ಜಿಲ್ಲೆಯಲ್ಲಿ ಅತ್ತಿಕಟ್ಟಿ. ಕಾರಹುಣ್ಣಿವೆಯ ದಿನ ಹೆಣ್ಣುಮಕ್ಕಳು ನೂಲು ಸುತ್ತುವುದೂ ಆಲಕ್ಕೇ.

ಧಾರವಾಡದಲ್ಲೇ ಅತ್ತಿಕೊಳ್ಳ ಇದೆ. ರಜೆ ಮುಗಿಯುವ ಮುಂಚಿನ ಭಾನುವಾರ ಆ ಕಡೆ ಅಡ್ಡಾಡಲು ಹೋದಾಗ ದಾರಿಬದಿಯ ಅತ್ತಿಯ ಬೊಡ್ಡೆಗೆ ಗೊಂಚಲು ಗೊಂಚಲಾಗಿ ಕಾಯಿ ಅಂಟಿದ್ದವು. ಬಣ್ಣ ತಿರುಗುತ್ತಿದ್ದ ಒಂದನ್ನು ಕಿತ್ತು ಸೋದರ ಸೊಸೆಯ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದಳು. “ಮಾಮಾ, ಇದರ ಬಾಗಲಾ ಎಲ್ಲೈತಿ?” ತುದಿಯ ಚುಕ್ಕೆ ತೋರಿಸಿ, ಉಗುರಿನಿಂದ ಎರಡು ಹೋಳು ಮಾಡಿದೆ. ಒಳಗಿನಿಂದ ಕಪ್ಪು ಚುಕ್ಕೆಗಳಂಥ ಏಳೆಂಟು ಕಣಜ ಎದ್ದವು. ಒಂದು ಅವಳ ಹೆಬ್ಬೆರಳ ಮೇಲೆ ಕೂತು ರೆಕ್ಕೆ ಒರೆಸಿಕೊಂಡಿತು. ಅವಳು ಉಸಿರು ಬಿಗಿಹಿಡಿದು, ಅದು ಹಾರಿಹೋಗುವ ತನಕ ಕೈ ಅಲುಗಿಸಲಿಲ್ಲ.